ಖಾಲಿ ಮಾಡಿ, ಹೊಸದು ಕೊಡ್ತೇವೆ: ಮುಂಬೈಯ ಮನೆಗಳ 125 ವರ್ಷದ ಕಥೆ

ಪೋಸ್ಟ್ 1

ಫೋಟೋದಲ್ಲಿ ಕಾಣ್ತಿರುವುದು ನನ್ನ ದೊಡ್ಡಮ್ಮನ ಮನೆಯ ಬಾಗಿಲು. ಮುಂಬೈಯ ಪೂರ್ವ ಉಪನಗರದ ಒಂದು ಹಳೇ ಹೌಸಿಂಗ್ ಬೋರ್ಡ್ ಕಾಲೊನಿ. ಬಾಗಿಲ ಪಕ್ಕದಲ್ಲಿ ನೀಲಿ ಬಣ್ಣದಲ್ಲಿ ಒಂದು ನಂಬರ್ ಬರೆದದ್ದು ಕಾಣ್ತದಲ್ವಾ? ಅದು ಮನೆ ನಂಬರ್ ಅಲ್ಲ. ರೀಡೆವಲಪ್‌ಮೆಂಟಿನ ಸರ್ವೆಗೆ ಬಂದವರು ಬರೆದು ಹೋದದ್ದು.

ಈ ರಜೆಯಲ್ಲಿ ನಾನು ಅಲ್ಲಿಗೆ ಹೋಗಿದ್ದೆ. ವಡಾಪಾವ್ ತಿನ್ಲಿಕ್ಕೆ, ಸಮುದ್ರ ನೋಡ್ಲಿಕ್ಕೆ (ನಮ್ಮೂರಲ್ಲಿ ಸಮುದ್ರ ಇಲ್ಲವಾ ಅಂತ ಕೇಳ್ಬೇಡಿ). ಎರಡನೇ ದಿನವೇ ದೊಡ್ಡಮ್ಮ ಕಪಾಟಿನಿಂದ ಒಂದು ಫೈಲ್ ತೆಗೆದು ನನ್ನ ಮುಂದಿಟ್ರು. ನಲವತ್ತು ಚಿಲ್ಲರೆ ಪುಟದ ಇಂಗ್ಲಿಷ್ ಕರಾರು. "ನೀನು ಕಾಮರ್ಸ್ ಕಲಿಯುವವಳಲ್ವಾ ಮಗಾ. ಓದಿ ಹೇಳು. ಸಹಿ ಹಾಕ್ಬಹುದಾ, ಬೇಡವಾ?"

ನಿಜ ಹೇಳ್ತೇನೆ, ನಂಗೆ ಎಂತದೂ ಅರ್ಥ ಆಗ್ಲಿಲ್ಲ. ನಮ್ಮ ಸಿಲೆಬಸ್ಸಲ್ಲಿ ಪಾರ್ಟ್ನರ್‌ಶಿಪ್ ಅಕೌಂಟ್ಸ್ ಉಂಟು, ಕಂಪನಿ ಲಾ ಉಂಟು. 220 ಚದರಡಿ ಮನೆಯನ್ನು ಬಿಟ್ಟುಕೊಟ್ರೆ ಪುಕ್ಕಟೆಯಾಗಿ 450 ಚದರಡಿ ಮನೆ ಹೇಗೆ ಸಿಗ್ತದೆ, ಆ ದುಡ್ಡು ಯಾರ ಕಿಸೆಯಿಂದ ಬರ್ತದೆ ಅಂತ ಯಾವ ಚಾಪ್ಟರಲ್ಲೂ ಇಲ್ಲ. ಹಾಗಾಗಿ ಓದ್ಲಿಕ್ಕೆ ಶುರು ಮಾಡಿದೆ. ಫೈಲಿನ ಬುಡ ಹುಡುಕ್ತಾ ಹೋದರೆ ಅದು 1896ಕ್ಕೆ ಹೋಗಿ ನಿಂತಿತು. ಕ್ಲಾಸಲ್ಲಿ ಎಷ್ಟು ಜನರಿಗೆ ಮುಂಬೈಯಲ್ಲಿ ಮಾವ, ಚಿಕ್ಕಪ್ಪ, ಅತ್ತೆ ಇದ್ದಾರೆ ಅಂತ ನಂಗೆ ಗೊತ್ತು. ನಿಮ್ಮವರ ಬಾಗಿಲಿಗೂ ಈ ನೀಲಿ ನಂಬರ್ ಬರಬಹುದು. ಅದಕ್ಕೇ ಈ ಸೀರೀಸ್.

ಪೋಸ್ಟ್ 2

1896ರ ಸೆಪ್ಟೆಂಬರ್. ಬಂದರಿನ ಪಕ್ಕದ ಮಾಂಡ್ವಿಯಲ್ಲಿ ಅಕಾಸಿಯೊ ವಿಯೇಗಸ್ ಎಂಬ ಗೋವಾ ಮೂಲದ ಡಾಕ್ಟರ್ ಒಬ್ಬ ರೋಗಿಯನ್ನು ನೋಡಿ, ಇದು ಪ್ಲೇಗ್ ಅಂತ ಹೇಳಿದರು. ಮೊದಲು ಕೆಲವರು ನಂಬಲೇ ಇಲ್ಲ. ಕೆಲವೇ ತಿಂಗಳಲ್ಲಿ ಎಂಟು ಲಕ್ಷ ಜನರಿದ್ದ ಊರಿನ ಹೆಚ್ಚು ಕಮ್ಮಿ ಅರ್ಧ ಭಾಗ ರೈಲು, ಹಡಗು ಹತ್ತಿ ಓಡಿತು. ನಮ್ಮ ಲಾಕ್‌ಡೌನಿನಲ್ಲಿ ಊರಿಗೆ ಬಂದ ಮುಂಬೈಯವರು ನೆನಪಾಗ್ತಾರಲ್ವಾ, ಹಾಗೇ. ಓಡಿದವರ ಜೊತೆ ರೋಗವೂ ಹೊರಟಿತು. 1898ರಲ್ಲಿ ಹುಬ್ಬಳ್ಳಿ, ಬೆಂಗಳೂರು ಎರಡೂ ಕಡೆ ಪ್ಲೇಗ್ ಬಂತು. ಬೆಂಗಳೂರಿನ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಬೆಳೆದ ಹಿನ್ನೆಲೆಯೂ ಇದೇ ಪ್ಲೇಗ್. ಅದು ಬೇರೆ ಕಥೆ, ಇನ್ನೊಂದು ಸಲ ಬರೀತೇನೆ.

ರೋಗ ಇಲಿಯ ಮೈಮೇಲಿನ ಚಿಗಟದಿಂದ ಬರ್ತದೆ ಅಂತ ಆಗ ಅಧಿಕಾರಿಗಳು ಒಪ್ಪಿರಲಿಲ್ಲ. ಕೊಳಕು, ಕತ್ತಲೆ, ಗಾಳಿ ಇಲ್ಲದ ಕೋಣೆ, ಇದೇ ಕಾರಣ ಅಂತ ಲೆಕ್ಕ. ಹಾಗಾಗಿ ಔಷಧಿಯೂ ಮನೆಗೇ: ಗೋಡೆಗೆ ಸುಣ್ಣ, ಬಿಸಿಲು ಬೀಳಲಿ ಅಂತ ಮಾಡಿನ ಹಂಚು ಕಿತ್ತದ್ದು, ಮನೆಯವರನ್ನು ಊರಾಚೆಯ ಶೆಡ್ಡುಗಳಿಗೆ ಕಳಿಸಿದ್ದು. ಕೆಲವು ಮನೆಗಳ ಗೋಡೆ ಮೇಲೆ ಮೂರು ಅಕ್ಷರ ಬರೆದು ಹೋಗ್ತಿದ್ದರು: ಯು.ಎಚ್.ಎಚ್. ಅಂದರೆ ಮನುಷ್ಯರ ವಾಸಕ್ಕೆ ಯೋಗ್ಯವಲ್ಲ. ಆ ಕಾಲದ ಫೋಟೋಗಳಲ್ಲಿ ಈಗಲೂ ನೋಡ್ಬಹುದು.

ದೊಡ್ಡಮ್ಮನ ಬಾಗಿಲಿನ ಫೋಟೋವನ್ನು ನಾನು ಮೊದಲಿಗೆ ಹಾಕಿದ್ದು ಯಾಕೆ ಅಂತ ಈಗ ಗೊತ್ತಾಯ್ತಾ? ಮುಂಬೈಯಲ್ಲಿ ಸರ್ಕಾರ ಗೋಡೆ ಮೇಲೆ ಬರೆಯುವುದು ಹೊಸತೇನಲ್ಲ.

1898ರಲ್ಲಿ ಕಾನೂನು ಮಾಡಿ ಬಾಂಬೆ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಅಂತ ಒಂದು ಸಂಸ್ಥೆ ಶುರು ಮಾಡಿದರು. ಜಾಗ ವಶ ಮಾಡಿಕೊಳ್ಳುವ, ಹಳೇ ಕಟ್ಟಡ ಕೆಡವುವ, ರಸ್ತೆ ಮಾಡುವ, ಹೊಸ ಬಡಾವಣೆ ಹಾಕುವ ಅಧಿಕಾರ ಎಲ್ಲ ಇದಕ್ಕೇ. ಮೈಸೂರಲ್ಲಿ 1903ರಲ್ಲಿ ಬಂದ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡೂ ಇದೇ ಜಾತಿಯದ್ದು. ಸಾಲ ಎತ್ತಿ ಕೆಲಸ ಮಾಡುವುದು, ರಸ್ತೆ ಬಂದ ಮೇಲೆ ಜಾಗದ ಬೆಲೆ ಏರ್ತದಲ್ಲ, ಅದರಿಂದ ಸಾಲ ತೀರಿಸುವುದು. ಕಾಮರ್ಸ್‌ನವರು ಈ ಸಾಲು ನೆನಪಿಟ್ಕೊಳ್ಳಿ, ಪೋಸ್ಟ್ 5ರಲ್ಲಿ ಮತ್ತೆ ಬೇಕಾಗ್ತದೆ.

ಸಮುದ್ರದ ಗಾಳಿ ಊರೊಳಗೆ ನುಗ್ಗಲಿ ಅಂತ ಪ್ರಿನ್ಸೆಸ್ ಸ್ಟ್ರೀಟ್, ಸ್ಯಾಂಡ್‌ಹರ್ಸ್ಟ್ ರೋಡ್ ಥರದ ಅಗಲ ರಸ್ತೆಗಳನ್ನು ಹಳೇ ಗಲ್ಲಿಗಳ ನಡುವೆ ಕೊರೆದರು. ಕೊರೆದಲ್ಲಿ ಇದ್ದವರು ಎಲ್ಲಿಗೆ ಹೋಗಬೇಕು? ಅವರಿಗೆ ಕೆಲಸ ಇರುವುದು ಬಂದರಲ್ಲಿ, ಮಿಲ್ಲಲ್ಲಿ. ನಡೆದುಕೊಂಡೇ ಹೋಗ್ಬೇಕು. ಹಾಗಾಗಿ ಪಕ್ಕದ ಗಲ್ಲಿಗೆ ಹೋಗಿ ಇನ್ನೊಬ್ಬರ ಕೋಣೆಯಲ್ಲಿ ಸೇರಿಕೊಂಡರು. ಮೊದಲ ವರ್ಷಗಳಲ್ಲಿ ಟ್ರಸ್ಟ್ ಕಟ್ಟಿದ್ದಕ್ಕಿಂತ ಕೆಡವಿದ್ದೇ ಜಾಸ್ತಿ. ಒಂದು ಗಲ್ಲಿ ಖಾಲಿ ಆಯ್ತು, ಪಕ್ಕದ ಗಲ್ಲಿ ಇನ್ನೂ ತುಂಬಿತು.

ಹಾಗಂತ ಬರೀ ಕೆಡವಿದ್ದಷ್ಟೇ ಅಂದ್ರೆ ತಪ್ಪಾಗ್ತದೆ. ಟ್ರಸ್ಟ್ ಕೆಲಸಗಾರರಿಗಾಗಿ ಚಾಳುಗಳನ್ನೂ ಕಟ್ಟಿತು, ಬಿ.ಐ.ಟಿ. ಚಾಳ್ ಅಂತ ಈಗಲೂ ಕರೀತಾರೆ. ಪರೇಲಿನ ಅಂಥದ್ದೊಂದು ಚಾಳಿನ ಪುಟ್ಟ ಕೋಣೆಗಳಲ್ಲೇ ಡಾ. ಬಿ.ಆರ್. ಅಂಬೇಡ್ಕರ್ 20 ವರ್ಷಕ್ಕೂ ಹೆಚ್ಚು ಕಾಲ ಇದ್ದರು. ನಾವು ಹಾಸ್ಟೆಲಲ್ಲಿ ಟೇಬಲ್ ಸಣ್ಣದು ಅಂತ ಕಂಪ್ಲೇಂಟ್ ಮಾಡ್ತೇವೆ.

ಪೋಸ್ಟ್ 3

ಇದು ಸಣ್ಣ ಪೋಸ್ಟ್, ಸ್ವಲ್ಪ ಖುಷಿಯದ್ದು. ಫೋಟೋ ಮಾಟುಂಗದ್ದು, ಬಾಳೆ ಎಲೆ ಊಟ ಮುಗಿಸಿ ತೆಗೆದದ್ದು.

ಊರೊಳಗಿನ ಒತ್ತಡ ಇಳಿಸ್ಲಿಕ್ಕೆ ಟ್ರಸ್ಟ್ ಉತ್ತರಕ್ಕೆ ಕಣ್ಣು ಹಾಕಿತು. ದಾದರ್, ಮಾಟುಂಗ, ಸಾಯನ್. ಆಗ ಅಲ್ಲಿ ಗದ್ದೆ, ತೋಟ, ಜವುಗು. ಅಗಲ ರಸ್ತೆ, ತೋಟ, ಪ್ಲಾಟು ಎಲ್ಲ ಗೆರೆ ಎಳೆದು ಹಾಕಿದ ಉಪನಗರ ಬಂತು. ಗಲ್ಲಿಯ ಬಡವರು ಅಲ್ಲಿಗೆ ಹೋಗ್ತಾರೆ ಅಂತ ಕಾಗದದಲ್ಲಿ ಇತ್ತು. ಹೋದದ್ದು ಯಾರು? 1920, 30ರ ದಶಕದಲ್ಲಿ ಆಫೀಸುಗಳಲ್ಲಿ ಗುಮಾಸ್ತ ಕೆಲಸಕ್ಕೆ ಬಂದ ದಕ್ಷಿಣದವರು, ಪಾರ್ಸಿಗಳು, ಗುಜರಾತಿಗಳು, ತಿಂಗಳ ಸಂಬಳ ಇದ್ದವರು. ಮಿಲ್ ಕೆಲಸಗಾರನಿಗೆ ಅಲ್ಲಿಯ ಬಾಡಿಗೆಯೂ ಆಗ್ತಿರಲಿಲ್ಲ, ರೈಲಿನ ಪಾಸೂ ಆಗ್ತಿರಲಿಲ್ಲ.

ಬಂದವರು ಬಂದರು ಅಂದ ಮೇಲೆ ಅವರ ಹಿಂದೆ ಅಡುಗೆಯವರೂ ಬಂದರು. ಮಾಟುಂಗ ಸ್ಟೇಷನ್ ಹತ್ತಿರದ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ 1942ರದ್ದು. ಮೈಸೂರು ಅಸೋಸಿಯೇಷನ್ ಇರುವುದೂ ಮಾಟುಂಗದಲ್ಲೇ. ನಮ್ಮ ಕಡೆಯವರು ಮುಂಬೈ ಅಂದರೆ ಮೊದಲು ಹೇಳುವ ಹೆಸರು ಮಾಟುಂಗ ಯಾಕೆ ಅಂದರೆ, ಒಂದು ಲೆಕ್ಕದಲ್ಲಿ, ಪ್ಲೇಗಿನ ಕಾರಣದಿಂದ.

ಇನ್ನೊಂದು ಮಜಾ ವಿಷಯ. ಬ್ರಿಟಿಷ್ ಅಧಿಕಾರಿಗಳ ತಲೆಯಲ್ಲಿ ಉಪನಗರ ಅಂದರೆ ತೋಟದ ನಡುವೆ ಒಂದೊಂದು ಬಂಗಲೆ. ಇಲ್ಲಿ ಎದ್ದು ನಿಂತದ್ದು ಮೂರು ನಾಲ್ಕು ಮಾಳಿಗೆಯ ಫ್ಲಾಟುಗಳು. ಅದರೊಳಗೇ ಕಕ್ಕಸು! ಅಡುಗೆಮನೆ ಇರುವ ಸೂರಿನಡಿಯಲ್ಲೇ ಕಕ್ಕಸು ಅಂದರೆ ಆಗಿನ ಮಡಿ ಮೈಲಿಗೆಯ ಮನೆಗಳಲ್ಲಿ ಎಷ್ಟು ಗಲಾಟೆ ಆಗಿರಬೇಕು ಊಹಿಸಿ. ಅಡುಗೆಮನೆ ಒಂದು ತುದಿ, ಅದು ಇನ್ನೊಂದು ತುದಿ ಅಂತ ನಕ್ಷೆಯಲ್ಲೇ ರಾಜಿ ಮಾಡಿಕೊಂಡರಂತೆ. ಇವತ್ತು ಅದೇ ಸೆಲ್ಫ್ ಕಂಟೇನ್ಡ್ ಅನ್ನುವ ಶಬ್ದಕ್ಕೆ ಬಿಲ್ಡರುಗಳು ದುಡ್ಡು ತಗೊಳ್ತಾರೆ.

1933ರಲ್ಲಿ ಟ್ರಸ್ಟ್ ಮುನಿಸಿಪಾಲಿಟಿಯೊಳಗೆ ಸೇರಿ ಹೋಯ್ತು.

ಪೋಸ್ಟ್ 4

ಈಗ ಬೋರಿಂಗ್ ಅನಿಸುವ ಆದರೆ ಎಲ್ಲದಕ್ಕೂ ಮೂಲವಾದ ಭಾಗ. ಬಾಡಿಗೆ.

ಅದಕ್ಕೆ ಮೊದಲು ಎರಡು ಸಾಲು ಬಿ.ಡಿ.ಡಿ. ಚಾಳಿನ ಬಗ್ಗೆ, ಯಾಕಂದ್ರೆ ಕೊನೆಗೆ ಅಲ್ಲಿಗೇ ಬರ್ಲಿಕ್ಕುಂಟು. 1920ರಲ್ಲಿ ಗವರ್ನರ್ ಜಾರ್ಜ್ ಲಾಯ್ಡ್ ಕಾಲದಲ್ಲಿ ಬಾಂಬೆ ಡೆವಲಪ್‌ಮೆಂಟ್ ಡಿಪಾರ್ಟ್‌ಮೆಂಟ್ ಅಂತ ಆಯ್ತು. ವರ್ಲಿ, ನಾಯ್ಗಾಂವ್, ಡಿಲೈಲ್ ರೋಡ್, ಶಿವಡಿ, ನಾಲ್ಕು ಕಡೆ ಸೇರಿ 207 ಕಾಂಕ್ರೀಟ್ ಚಾಳುಗಳು. ಒಂದೊಂದು ಕೋಣೆ 160 ಚದರಡಿ. ಶುರುವಿಗೆ ಬಾಡಿಗೆ ಜಾಸ್ತಿ ಅಂತ ಜನ ಬರಲೇ ಇಲ್ಲ, ಎಷ್ಟೋ ಕೋಣೆ ಖಾಲಿ. ಎಷ್ಟು ಖಾಲಿ ಅಂದ್ರೆ, ಕಾನೂನುಭಂಗದ ಆ 1930ರ ಹೊತ್ತಿಗೆ ಸತ್ಯಾಗ್ರಹಿಗಳನ್ನು ಇಡ್ಲಿಕ್ಕೆ ಜೈಲು ಸಾಲದೆ ವರ್ಲಿಯ ಚಾಳುಗಳನ್ನೇ ತಾತ್ಕಾಲಿಕ ಜೈಲು ಮಾಡಿದರು. ಮನೆ ಅಂತ ಕಟ್ಟಿದ್ದು ಬಾಗಿಲು ಹಾಕಿದರೆ ಜೈಲಾಗ್ತದೆ ಅಂದರೆ ಅದು ಯಾವ ನಮೂನೆಯ ಮನೆ ಅಂತ ನೀವೇ ಹೇಳಿ.

ಈಗ ಬಾಡಿಗೆಗೆ ಬರುವ. ಎರಡನೇ ಮಹಾಯುದ್ಧದ ಹೊತ್ತಿಗೆ ಬೆಲೆ ಎಲ್ಲ ಏರಿತು, ಊರು ತುಂಬಿತು, ಮಾಲೀಕರು ಬಾಡಿಗೆ ಏರಿಸಿದರು. ಸರ್ಕಾರ ತಡೆ ಹಾಕಿತು. 1947ರ ಬಾಂಬೆ ಬಾಡಿಗೆ ನಿಯಂತ್ರಣ ಕಾನೂನು, ಸರಳವಾಗಿ ಹೇಳೋದಾದ್ರೆ, 1940ರ ಮಟ್ಟದಲ್ಲಿ ಬಾಡಿಗೆಯನ್ನು ಗಟ್ಟಿ ಹಿಡಿದು ನಿಲ್ಲಿಸಿತು. ಆಗ ಅದು ನ್ಯಾಯವೇ. ದೇಶ ಭಾಗ ಆಗಿ ನಿರಾಶ್ರಿತರು ಬರ್ತಿದ್ದ ಸಮಯ. ಆದರೆ ತಾತ್ಕಾಲಿಕ ಅಂತ ತಂದದ್ದು ವರ್ಷ ವರ್ಷ ಮುಂದೆ ಹೋಯ್ತು. 1960, 70, 80. ಸಿಮೆಂಟಿನ ಬೆಲೆ ಏರ್ತಾ ಹೋಯ್ತು, ಬಾಡಿಗೆ ಅಲ್ಲೇ.

ಮಾಲೀಕ ಎಂತ ಮಾಡ್ತಾನೆ? ರಿಪೇರಿ ನಿಲ್ಲಿಸ್ತಾನೆ. ಬಾಡಿಗೆದಾರನೂ ಮಾಡುವುದಿಲ್ಲ, ಕಟ್ಟಡ ಅವನದ್ದಲ್ಲ. ಮಳೆಗಾಲ ಮಾತ್ರ ತಪ್ಪದೆ ಬರ್ತದೆ. ಮರದ ತೊಲೆ ಕೊಳೀತದೆ. ಪ್ರತಿ ಜುಲೈ, ಆಗಸ್ಟಿನಲ್ಲಿ ಒಂದು ಕಟ್ಟಡ ಬೀಳ್ತದೆ. ಯಾರು ತಪ್ಪು? ನಾನು ಇದನ್ನು ತುಂಬ ಯೋಚಿಸಿದೆ. ಎಕನಾಮಿಕ್ಸ್ ಪುಸ್ತಕದಲ್ಲಿ ಬೆಲೆ ನಿಯಂತ್ರಣ ಅಂದರೆ ಒಂದು ಗ್ರಾಫು, ಎರಡು ಗೆರೆ, ಒಂದು ತ್ರಿಕೋನ. ಅದರಲ್ಲಿ ಆ ತೊಲೆ ಕಾಣುವುದಿಲ್ಲ. ಆದರೆ ಆ ಬಾಡಿಗೆ ಇಲ್ಲದಿದ್ದರೆ ಮಿಲ್ ಕೆಲಸಗಾರ, ಹೋಟೆಲಿನ ಹುಡುಗ ಊರ ನಡುವೆ ಬದುಕ್ಲಿಕ್ಕೇ ಆಗ್ತಿರಲಿಲ್ಲ ಅನ್ನುವುದೂ ಆ ಗ್ರಾಫಲ್ಲಿ ಇಲ್ಲ.

1969ರಲ್ಲಿ ಸರ್ಕಾರ ಇನ್ನೊಂದು ದಾರಿ ಹಿಡಿಯಿತು. ಹಳೇ ಖಾಸಗಿ ಕಟ್ಟಡಗಳ ಮೇಲೆ ಒಂದು ಸೆಸ್ ಹಾಕಿ, ಆ ದುಡ್ಡಲ್ಲಿ ರಿಪೇರಿ ಮಾಡ್ಲಿಕ್ಕೆ ಒಂದು ಮಂಡಳಿ. 19 ಸಾವಿರಕ್ಕೂ ಹೆಚ್ಚು ಕಟ್ಟಡ ಅದರ ಪಟ್ಟಿಗೆ ಬಂತು. ರಿಪೇರಿ ಆಗದ್ದನ್ನು ಕೆಡವಿ ಮತ್ತೆ ಕಟ್ಟುವುದು, ಕಟ್ಟುವ ತನಕ ಅಲ್ಲಿದ್ದವರನ್ನು ಟ್ರಾನ್ಸಿಟ್ ಕ್ಯಾಂಪಿನಲ್ಲಿ ಇಡುವುದು. ಈ ಟ್ರಾನ್ಸಿಟ್ ಕ್ಯಾಂಪ್ ಅನ್ನುವ ಎರಡು ಶಬ್ದ ನೀವು ಮುಂಬೈಯವರ ಹತ್ತಿರ ಹೇಳಿ ನೋಡಿ, ಮುಖ ಬದಲಾಗ್ತದೆ. ಎರಡು ವರ್ಷಕ್ಕೆ ಅಂತ ಹೋದವರ ಮಕ್ಕಳಿಗೆ ಅಲ್ಲೇ ಮದುವೆ ಆದದ್ದುಂಟು. ಒಡೆದ ಕಟ್ಟಡದ ಜಾಗ ಹಾಗೇ ಬಿದ್ದಿರ್ತದೆ, ಅಥವಾ ಹೊಸತು ಸಣ್ಣದಾಗಿ ಎಲ್ಲರಿಗೂ ಸಾಲುವುದಿಲ್ಲ.

2017ರ ಆಗಸ್ಟ್ 31ರಂದು ಭೇಂಡಿ ಬಜಾರಿನ ಹುಸೈನಿ ಬಿಲ್ಡಿಂಗ್ ಬಿದ್ದು 30ಕ್ಕೂ ಹೆಚ್ಚು ಜನ ಸತ್ತರು. ನೂರು ವರ್ಷ ದಾಟಿದ ಕಟ್ಟಡ. ಅದು ರೀಡೆವಲಪ್‌ಮೆಂಟ್ ಪಟ್ಟಿಯಲ್ಲೇ ಇತ್ತು. ಕೆಲವು ಕುಟುಂಬ ಖಾಲಿ ಮಾಡಿ ಹೋಗಿದ್ದವು, ಕೆಲವು ಹೋಗಿರಲಿಲ್ಲ. ಯಾಕೆ ಹೋಗ್ಲಿಲ್ಲ ಅಂತ ಟಿವಿಯಲ್ಲಿ ಆಗ ಎಲ್ಲರೂ ಕೇಳಿದ್ರು. ಟ್ರಾನ್ಸಿಟ್ ಕ್ಯಾಂಪಿನ ಕಥೆ ಗೊತ್ತಿದ್ದವರು ಆ ಪ್ರಶ್ನೆ ಅಷ್ಟು ಸುಲಭದಲ್ಲಿ ಕೇಳುವುದಿಲ್ಲ ಅನಿಸ್ತದೆ ನಂಗೆ.

ಪೋಸ್ಟ್ 5

ಈಗ ದೊಡ್ಡಮ್ಮನ ಕಾಲೊನಿಗೆ ಬರುವ.

ಸ್ವಾತಂತ್ರ್ಯದ ನಂತರ ಬಾಂಬೆ ಹೌಸಿಂಗ್ ಬೋರ್ಡ್ ಅಂತ ಆಯ್ತು, 1948ರ ಕಾನೂನಿನಲ್ಲಿ. ಊರಿನ ಗಡಿ 1950ರಲ್ಲಿ, ಮತ್ತೆ 1957ರಲ್ಲಿ ಉತ್ತರಕ್ಕೆ ವಿಸ್ತಾರ ಆಯ್ತು. 1952ರ ಕೇಂದ್ರ ಸರ್ಕಾರದ ಕೈಗಾರಿಕಾ ಕೆಲಸಗಾರರ ವಸತಿ ಯೋಜನೆಯ ದುಡ್ಡೂ ಸೇರಿ ಉಪನಗರಗಳಲ್ಲಿ ಸಾಲು ಸಾಲು ಕಾಲೊನಿ ಎದ್ದವು. ವಿಕ್ರೋಲಿಯ ಟ್ಯಾಗೋರ್ ನಗರ, ಕನ್ನಮ್‌ವಾರ್ ನಗರ, ಘಾಟ್ಕೋಪರಿನ ಪಂತ್ ನಗರ, ಚೆಂಬೂರಿನ ತಿಲಕ್ ನಗರ, ಕುರ್ಲಾದ ನೆಹರು ನಗರ, ಗೋರೆಗಾಂವಿನ ಮೋತಿಲಾಲ್ ನಗರ. (ಕನ್ನಮ್‌ವಾರ್ ಅಂದರೆ ಕನ್ನಡದವರು ಅಂತ ನಾನು ಚಿಕ್ಕಂದಿನಲ್ಲಿ ತಿಳಿದುಕೊಂಡಿದ್ದೆ. ಅವರು 1962-63ರಲ್ಲಿ ಮಹಾರಾಷ್ಟ್ರದ ಮುಖ್ಯಮಂತ್ರಿ ಆಗಿದ್ದ ಮಾರೋತ್‌ರಾವ್ ಕನ್ನಮ್‌ವಾರ್.) 1977ರ ಡಿಸೆಂಬರಿನಲ್ಲಿ ಈ ಹೌಸಿಂಗ್ ಬೋರ್ಡ್, ಆ ರಿಪೇರಿ ಮಂಡಳಿ ಎಲ್ಲ ಒಟ್ಟು ಸೇರಿ ಮ್ಹಾಡಾ ಆಯ್ತು. ಮಹಾರಾಷ್ಟ್ರ ಗೃಹನಿರ್ಮಾಣ ಮತ್ತು ಪ್ರದೇಶ ಅಭಿವೃದ್ಧಿ ಪ್ರಾಧಿಕಾರ. ಹೆಸರು ಹೇಳಿ ಮುಗಿಸುವಾಗ ಉಸಿರು ಕಟ್ತದೆ, ಅದಕ್ಕೇ ಮ್ಹಾಡಾ.

ಈ ಕಾಲೊನಿಗಳನ್ನು ಹತ್ತಿರದಿಂದ ನೋಡಿದರೆ ನಂಗೆ ಖುಷಿ ಆಗ್ತದೆ. ತಗ್ಗು ಕಟ್ಟಡ, ನಡುವೆ ಅಂಗಳ, ಒಂದು ಬೇವಿನ ಮರ, ಗಣಪತಿ ಕೂರಿಸ್ಲಿಕ್ಕೆ ಜಾಗ. ದೊಡ್ಡಪ್ಪ ಫೋರ್ಟಿನ ಒಂದು ಹೋಟೆಲಲ್ಲಿ ಕ್ಯಾಷಿಯರ್ ಆಗಿದ್ದವರು, ಇಲ್ಲಿಯ ರೂಮನ್ನು ಎಂಬತ್ತರ ದಶಕದಲ್ಲಿ ಒಬ್ಬ ಫ್ಯಾಕ್ಟರಿ ಕೆಲಸಗಾರನಿಂದ ತಗೊಂಡದ್ದು. ಊರಿಂದ ಹೋದವರೆಲ್ಲ ಮೊದಲ ವಾರ ಉಳಿದದ್ದು ಆ 220 ಚದರಡಿಯಲ್ಲೇ. ನನ್ನ ಅಪ್ಪನೂ. ಈಗ ಕಟ್ಟಡ ಸೊಸೈಟಿಯದ್ದು, ಅಡಿಯ ನೆಲ ಮ್ಹಾಡಾದ್ದು, ಲೀಸಿಗೆ. ಪಿಲ್ಲರಿನಿಂದ ಕಬ್ಬಿಣ ಹೊರಗೆ ಕಾಣ್ತದೆ. ಕೆಡವಲೇಬೇಕು, ಅದರಲ್ಲಿ ಎರಡು ಮಾತಿಲ್ಲ.

ಹಾಗಾದರೆ ಪುಕ್ಕಟೆ ಮನೆಯ ಗುಟ್ಟು ಎಂತದು? ಎಫ್.ಎಸ್.ಐ. ಒಂದು ಪ್ಲಾಟಿನ ಮೇಲೆ ಅದರ ಎಷ್ಟು ಪಟ್ಟು ಕಟ್ಟಬಹುದು ಅನ್ನುವ ಸಂಖ್ಯೆ. ಉಪನಗರದಲ್ಲಿ ಮೂಲ ಲೆಕ್ಕ 1. ಮ್ಹಾಡಾ ಕಾಲೊನಿಗಳಿಗೆ 2008ರಲ್ಲಿ ಅದನ್ನು 2.5 ಮಾಡಿದರು, ಆಮೇಲೆ 3. ಈಗ ಒಂದು ಉದಾಹರಣೆ ಇಟ್ಕೊಳ್ಳುವ, ಇದು ಲೆಕ್ಕ ತಿಳಿಯಲಿಕ್ಕೆ ಮಾತ್ರ, ನಿಜವಾದ ಯಾವ ಸೊಸೈಟಿಯದ್ದೂ ಅಲ್ಲ. ಪ್ಲಾಟು 10,000 ಚದರಡಿ. ಎಫ್.ಎಸ್.ಐ. 3 ಅಂದರೆ 30,000 ಚದರಡಿ ಕಟ್ಟಬಹುದು. ಹಳೇ 40 ಮನೆಯವರಿಗೆ ತಲಾ 450 ಕೊಟ್ಟರೆ 18,000 ಹೋಯ್ತು. ಉಳಿದದ್ದು 12,000. ಅದರಲ್ಲಿ ಮ್ಹಾಡಾಕ್ಕೆ ಪಾಲು ಹೋಗ್ತದೆ, ದುಡ್ಡಾಗಿ ಅಥವಾ ಮನೆಯಾಗಿ. ಮಿಕ್ಕದ್ದನ್ನು ಬಿಲ್ಡರ್ ಮಾರುಕಟ್ಟೆ ಬೆಲೆಗೆ ಮಾರ್ತಾನೆ. ಆ ಮಾರಾಟದ ದುಡ್ಡಲ್ಲೇ ಎಲ್ಲರ ಮನೆ, ಎರಡು ಮೂರು ವರ್ಷದ ಬಾಡಿಗೆ, ಅವನ ಲಾಭ, ಎಲ್ಲ.

1898ರ ಟ್ರಸ್ಟ್ ನೆನಪಾಯ್ತಾ? ಜಾಗದ ಬೆಲೆ ಏರ್ತದೆ, ಅದರಿಂದ ಖರ್ಚು ತೀರ್ತದೆ. ಅದೇ ಲೆಕ್ಕ, ಆಗ ನೆಲದಲ್ಲಿ ಇತ್ತು, ಈಗ ಆಕಾಶದಲ್ಲಿ ಉಂಟು.

ಲೆಕ್ಕ ತಪ್ಪಲ್ಲ ಮಾರಾಯ್ರೆ. ನಂಗೆ ಅದು ನಿಜವಾಗಿ ಬುದ್ಧಿವಂತಿಕೆ ಅನಿಸಿತು. ಸರ್ಕಾರದ ಖಜಾನೆಯಿಂದ ದುಡ್ಡು ಹಾಕದೆ ಹೊಸ ಮನೆ. ಆದರೆ ಅಕೌಂಟ್ಸ್ ಕಣ್ಣಲ್ಲಿ ಒಮ್ಮೆ ನೋಡಿ. ದೊಡ್ಡಮ್ಮ ಮನೆ ಖಾಲಿ ಮಾಡಿ ಕೀಲಿಕೈ ಕೊಟ್ಟ ದಿನ ಅವರ ಆಸ್ತಿ ಹೋಯ್ತು. ಕೈಯಲ್ಲಿ ಉಳಿದದ್ದು ಒಂದು ಮಾತು. ಅಂದರೆ ಅವರು ಬಿಲ್ಡರಿಗೆ ಸಾಲ ಕೊಟ್ಟವರ ಹಾಗೆ ಆದರು, ಅಡಮಾನ ಇಲ್ಲದ ಸಾಲ. ಬ್ಯಾಂಕಿನವನಾದರೆ ಹೀಗೆ ಸಾಲ ಕೊಡ್ತಿದ್ದನಾ?

ಪೋಸ್ಟ್ 6

ಆ ಮಾತು ಮುರಿದರೆ ಎಂತಾಗ್ತದೆ ಅಂತ ಗೋರೆಗಾಂವಿನಲ್ಲಿ ನೋಡ್ಬಹುದು.

ಗೋರೆಗಾಂವ್ ಪಶ್ಚಿಮದ ಸಿದ್ಧಾರ್ಥ ನಗರ. ತಗಡಿನ ಮಾಡು ಇದ್ದದ್ದಕ್ಕೆ ಜನ ಕರೆಯುತ್ತಿದ್ದದ್ದು ಪತ್ರಾ ಚಾಳ್. ನಮ್ಮ ಭಾಷೆಯ ಪತ್ರ ಅಲ್ಲ, ಮರಾಠಿಯ ಪತ್ರಾ, ತಗಡು. ಆದರೂ ಕಥೆ ಪೂರ್ತಿ ಕಾಗದಪತ್ರದ್ದೇ. 672 ಕುಟುಂಬ, ಮ್ಹಾಡಾದ ಬಾಡಿಗೆದಾರರು. ಸುಮಾರು 47 ಎಕರೆ ಜಾಗ. 2008ರಲ್ಲಿ ಸೊಸೈಟಿ, ಮ್ಹಾಡಾ ಮತ್ತು ಒಂದು ನಿರ್ಮಾಣ ಕಂಪನಿ, ಮೂವರ ಒಪ್ಪಂದ ಆಯ್ತು. ಕಂಪನಿ 672 ಮನೆ ಕಟ್ಟಿ ಕೊಡ್ಬೇಕು, ಮ್ಹಾಡಾಕ್ಕೂ ಅದರ ಪಾಲಿನ ಮನೆ ಕಟ್ಟಿ ಕೊಡ್ಬೇಕು, ಉಳಿದದ್ದು ಮಾರಬಹುದು. ಕಟ್ಟುವ ತನಕ ಬಾಡಿಗೆಯೂ ಕಂಪನಿಯದ್ದೇ.

ಜನ ಖಾಲಿ ಮಾಡಿದರು. ಚಾಳ್ ಕೆಡವಿದರು. ಮೊದಮೊದಲು ಬಾಡಿಗೆ ಬಂತು. ಆಮೇಲೆ ನಿಂತಿತು.

ಒಪ್ಪಂದದಲ್ಲಿ ಸರದಿ ಇದ್ದದ್ದು ಮೊದಲು ಬಾಡಿಗೆದಾರರು, ಆಮೇಲೆ ಮಾರಾಟ ಅಂತ. ನಡೆದದ್ದು ತಿರುವು ಮುರುವು. ಜಾರಿ ನಿರ್ದೇಶನಾಲಯದ ಆರೋಪದ ಪ್ರಕಾರ 672 ಮನೆಗಳಲ್ಲಿ ಒಂದನ್ನೂ ಕಟ್ಟಿ ಮುಗಿಸದೆ, ಕಟ್ಟುವ ಹಕ್ಕನ್ನು ಒಂಬತ್ತು ಬೇರೆ ಬಿಲ್ಡರುಗಳಿಗೆ 901 ಕೋಟಿ ರೂಪಾಯಿಗೆ ಮಾರಲಾಗಿತ್ತು. ಕಂಪನಿ ದಿವಾಳಿ ಪ್ರಕ್ರಿಯೆಗೂ ಹೋಯ್ತು. 2018ರಲ್ಲಿ ಮ್ಹಾಡಾ ಒಪ್ಪಂದ ರದ್ದು ಮಾಡಿತು. 2022ರಲ್ಲಿ ಈ ಕೇಸಿನ ರಾಜಕೀಯ ದೊಡ್ಡ ಸುದ್ದಿ ಆಗಿ ಟಿವಿಯಲ್ಲಿ ದಿನಾ ಬಂತು, ಅದು ನಿಮಗೆ ನೆನಪಿರಬಹುದು. ನಂಗೆ ಅದರಲ್ಲಿ ಆಸಕ್ತಿ ಇಲ್ಲ. ನಂಗೆ ಆಸಕ್ತಿ ಇರುವುದು ಅದೇ ವರ್ಷ ನಡೆದ ಇನ್ನೊಂದು ವಿಷಯದಲ್ಲಿ: ನಿಂತುಹೋದ ಆ ಕಟ್ಟಡಗಳ ಕೆಲಸವನ್ನು ಮ್ಹಾಡಾವೇ ಕೈಗೆತ್ತಿಕೊಂಡು ಮತ್ತೆ ಶುರು ಮಾಡಿತು. ಒಪ್ಪಂದ ಆಗಿ 14 ವರ್ಷದ ಮೇಲೆ.

14 ವರ್ಷ ಅಂದರೆ ಎಷ್ಟು ಅಂತ ಲೆಕ್ಕ ಹಾಕಿ. 2008ರಲ್ಲಿ ನಂಗೆ ಅಂಗನವಾಡಿಗೆ ಹೋಗುವ ಪ್ರಾಯವೂ ಆಗಿರಲಿಲ್ಲ. ಆ ಪ್ರಾಯದ ಮಗು ಇದ್ದ ಮನೆಯವರು ಖಾಲಿ ಮಾಡಿ ಹೋಗಿದ್ದರೆ, ಹೊಸ ಕಟ್ಟಡದ ಕೆಲಸ ಮತ್ತೆ ಶುರುವಾಗುವಾಗ ಆ ಮಗು ಹೈಸ್ಕೂಲು ಮುಗಿಸಿರ್ತದೆ. ನಡುವೆ ಪ್ರತಿ 11 ತಿಂಗಳಿಗೆ ಹೊಸ ಬಾಡಿಗೆ ಕರಾರು, ಹೊಸ ಡಿಪಾಸಿಟ್, ಹೊಸ ಸ್ಟೇಷನ್. ಮುದುಕರಾಗಿ ಹೋದವರು ಎಷ್ಟೋ ಜನ ಹೊಸ ಮನೆ ನೋಡಲೇ ಇಲ್ಲ.

ಇಲ್ಲಿ ಪ್ರಾಧಿಕಾರದ ಕೆಲಸ ಎಂತದು ಇತ್ತು? ಇಟ್ಟಿಗೆ ಇಡುವುದಲ್ಲ. ಮೊದಲು 672, ಆಮೇಲೆ ಮಾರಾಟ, ಈ ಸರದಿಯನ್ನು ಕಾಯುವುದು. ಅಷ್ಟೇ ಇತ್ತು. ಅದೇ ತಪ್ಪಿತು.

ಪೋಸ್ಟ್ 7

ನಾನು ಎಲ್ಲ ಕಪ್ಪು ಬಣ್ಣದಲ್ಲೇ ಬರೀತಿದ್ದೇನೆ ಅಂತ ಅನಿಸ್ಬಾರದು. ಈ ಫೋಟೋ ವರ್ಲಿಯದ್ದು. ಹಿಂದೆ ಕಾಣುವುದು ಎತ್ತರದ ಹೊಸ ಕಟ್ಟಡ, ಮುಂದೆ ಕಾಣುವುದು ಬಿ.ಡಿ.ಡಿ. ಚಾಳ್, ಇನ್ನೂ ಕೆಡವದೆ ಉಳಿದದ್ದು.

ಇಲ್ಲಿ ದಾರಿ ಬೇರೆ. ಮ್ಹಾಡಾ ಒಬ್ಬ ಬಿಲ್ಡರಿಗೆ ಎಲ್ಲ ಬಿಟ್ಟುಕೊಡದೆ ತಾನೇ ನಿಂತು, ಗುತ್ತಿಗೆದಾರರಿಂದ ಕಟ್ಟಿಸ್ತಾ ಇದೆ. ಒಂದೇ ಸಲ ಎಲ್ಲವನ್ನೂ ಕೆಡವದೆ, ಸ್ವಲ್ಪ ಜಾಗ ಖಾಲಿ ಮಾಡಿಸಿ ಕಟ್ಟುವುದು, ಅಲ್ಲಿಗೆ ಜನ ಬಂದ ಮೇಲೆ ಮುಂದಿನದ್ದು. 160 ಚದರಡಿಯವರಿಗೆ 500 ಚದರಡಿ. ಶುರು ಮಾಡಿದ್ದು 2017ರಲ್ಲಿ, ತುಂಬ ನಿಧಾನ, ಬೈದವರೇ ಜಾಸ್ತಿ. 2025ರ ಆಗಸ್ಟಿನಲ್ಲಿ ಮೊದಲ 556 ಕುಟುಂಬಗಳಿಗೆ ಕೀಲಿಕೈ ಸಿಕ್ಕಿತು. ವರ್ಲಿ ಒಂದರಲ್ಲೇ 9 ಸಾವಿರಕ್ಕೂ ಹೆಚ್ಚು ಮನೆಗಳ ಲೆಕ್ಕ ಅಂದರೆ, ಇದು ಇನ್ನೂ ಊಟದ ಉಪ್ಪು ಬಡಿಸಿದ ಹಾಗೆ. ಆದರೂ ಬಡಿಸಿದ್ದು ನಿಜ.

ಅಲ್ಲಿ ಒಬ್ಬರು ಅಜ್ಜಿ ಚಾಳಿನ ವರಾಂಡದಲ್ಲಿ ಕೂತು ಸೊಪ್ಪು ಬಿಡಿಸ್ತಿದ್ದರು. ನಂಗೆ ಮರಾಠಿ ಅರ್ಧಂಬರ್ಧ. ಹೊಸ ಮನೆ ಹೇಗಾಗ್ತದೆ ಅಂತ ಕೇಳಿದೆ. ಲಿಫ್ಟ್ ಹಾಳಾದ ದಿನ ನಾನು ಕೆಳಗೆ ಇಳಿಯುವುದು ಹೇಗೆ ಅಂತ ನನ್ನನ್ನೇ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ, ಫೋಟೋ ತೆಗೆಯಬಹುದಾ ಅಂತ ಕೇಳಿದೆ, ಬೇಡ ಅಂದರು. ಅದಕ್ಕೇ ಈ ಫೋಟೋದಲ್ಲಿ ವರಾಂಡ ಖಾಲಿ.

ಪೋಸ್ಟ್ 8, ಕೊನೆಯದ್ದು

ಫೈಲಿಗೆ ವಾಪಸ್.

ಇಷ್ಟೆಲ್ಲ ಓದಿದ ಮೇಲೆ ಮತ್ತೆ ಕೂತು ನಲವತ್ತು ಪುಟವನ್ನೂ ಪೆನ್ಸಿಲ್ ಹಿಡಿದು ಓದಿದೆ. ಒಂದೂವರೆ ದಿನ ಬೇಕಾಯ್ತು. ದೊಡ್ಡಮ್ಮ ನಡುನಡುವೆ ಚಾ ತಂದಿಟ್ಟು ಪುಟ ಎಷ್ಟಾಯ್ತು ಅಂತ ಇಣುಕಿ ಹೋಗ್ತಿದ್ದರು. ಹೊಸ ಮನೆಯ ಟೈಲ್ಸ್ ಯಾವ ಕಂಪನಿಯದ್ದು, ನಲ್ಲಿ ಯಾವ ಬ್ರ್ಯಾಂಡಿನದ್ದು ಅಂತ ಎರಡು ಪುಟ ಉಂಟು. ಬಣ್ಣದ ಚಿತ್ರವೂ ಉಂಟು, ಅದರಲ್ಲಿ ಈಜುಕೊಳದ ಪಕ್ಕ ಯಾರೋ ಬಿಳಿ ಟೋಪಿ ಹಾಕಿದವರು ಕೂತಿದ್ದಾರೆ.

ನಾನು ಪೆನ್ಸಿಲ್ ಗೆರೆ ಹಾಕಿದ್ದು ಬೇರೆ ಕಡೆ. ಬಾಡಿಗೆ ಪ್ರತಿ ತಿಂಗಳು ಕೊಡ್ತೇವೆ ಅಂತ ಉಂಟು, ಆದರೆ ಕೊಡದಿದ್ದರೆ ಆ ದುಡ್ಡಿಗೆ ಬ್ಯಾಂಕ್ ಗ್ಯಾರಂಟಿ ಎಲ್ಲಿ? 36 ತಿಂಗಳಲ್ಲಿ ಮುಗಿಸ್ತೇವೆ ಅಂತ ಉಂಟು, ಆ 36 ಶುರುವಾಗುವುದು ನಾವು ಖಾಲಿ ಮಾಡಿದ ದಿನದಿಂದಲಾ, ಕೊನೆಯ ಪರವಾನಗಿ ಸಿಕ್ಕಿದ ದಿನದಿಂದಲಾ? (ಎರಡನೆಯದ್ದು. ಅದು 31ನೇ ಪುಟದಲ್ಲಿ, ಸಣ್ಣ ಅಕ್ಷರದಲ್ಲಿ ಉಂಟು.) ನಮ್ಮ ಕಟ್ಟಡ ಮೊದಲು ಏಳ್ತದಾ, ಮಾರುವ ಕಟ್ಟಡವಾ? ಬಿಲ್ಡರ್ ಈ ಕೆಲಸವನ್ನು ಇನ್ನೊಬ್ಬರಿಗೆ ದಾಟಿಸಬೇಕಾದರೆ ಸೊಸೈಟಿಯ ಒಪ್ಪಿಗೆ ಬೇಕಾ? ಅದರ ಬಗ್ಗೆ ಒಂದು ಅಕ್ಷರವೂ ಇಲ್ಲ.

ಇದನ್ನೆಲ್ಲ ಕನ್ನಡದಲ್ಲಿ ಒಂದು ಹಾಳೆಯಲ್ಲಿ ಬರೆದುಕೊಟ್ಟೆ. ಪಕ್ಕದ ಮನೆಯ ಮರಾಠಿ ಕಾಕು ಬಂದು, ನನಗೂ ಬೇಕು ಅಂದರು. ಅವರ ಮಗಳು ಹಿಂದಿಯಲ್ಲಿ ಬರೆದಳು. ಮರುದಿನ ಮೂರನೇ ಮಾಳಿಗೆಯ ಗುಜರಾತಿ ಅಂಕಲ್ ಬಂದರು, ಅವರು ರಿಟೈರ್ಡ್ ಬ್ಯಾಂಕ್ ಮ್ಯಾನೇಜರ್. ಗ್ಯಾರಂಟಿಯ ಪ್ರಶ್ನೆಯನ್ನು ನೋಡಿ ಕನ್ನಡಕ ಮೇಲೆ ಸರಿಸಿ, "ಇದನ್ನು ನಾನು ಕೇಳ್ತೇನೆ" ಅಂದರು. ಸೊಸೈಟಿ ಸೆಕ್ರೆಟರಿಗೆ ಮಾತ್ರ ನನ್ನ ಮೇಲೆ ಸಿಟ್ಟು. ಊರಿಂದ ರಜೆಗೆ ಬಂದ ಹುಡುಗಿ ಎಲ್ಲ ಹಾಳು ಮಾಡ್ತಾಳೆ, ಈ ಮಳೆಗಾಲಕ್ಕೆ ಕಟ್ಟಡ ಬಿದ್ದರೆ ಯಾರು ಹೊಣೆ ಅಂತ ಮೆಟ್ಟಿಲಲ್ಲಿ ಕೇಳಿದರು. ಅವರ ಪ್ರಶ್ನೆಯೂ ಸುಳ್ಳಲ್ಲ. ಆ ರಾತ್ರಿ ನಂಗೆ ಸರಿ ನಿದ್ದೆ ಬರಲಿಲ್ಲ. ಮಾಡಿನ ಕಾಂಕ್ರೀಟಿನಿಂದ ಪುಡಿ ಉದುರುವುದು ನಿಜವಾಗಿ ಕೇಳ್ತದೆ ಅಲ್ಲಿ.

ದೊಡ್ಡಮ್ಮನ ಪ್ರಶ್ನೆ ಒಂದೇ ಉಳಿದದ್ದು, ಅದು ನನ್ನ ಪಟ್ಟಿಯಲ್ಲಿ ಇರಲೇ ಇಲ್ಲ. ಹೊಸ ಮನೆಯ ಅಡುಗೆಮನೆಗೆ ಕಿಟಕಿ ಉಂಟಾ? ನಕ್ಷೆಯನ್ನು ಅತ್ತ ತಿರುಗಿಸಿ ಇತ್ತ ತಿರುಗಿಸಿ ಇಬ್ಬರೂ ಹುಡುಕಿದೆವು. ಕಾಣ್ಲಿಲ್ಲ. ಅದನ್ನೂ ಹಾಳೆಯ ಕೊನೆಗೆ ಬರೆದೆ, ಐದನೇ ಪ್ರಶ್ನೆ.

ನಾನು ಊರಿಗೆ ಬಂದಾಯ್ತು, ಕಾಲೇಜು ಶುರು. ಸೊಸೈಟಿಯ ಮೀಟಿಂಗ್ ಬರುವ ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ. ನಿನ್ನೆ ಫೋನಲ್ಲಿ ದೊಡ್ಡಮ್ಮ ಹೇಳಿದರು, ಹಾಳೆ ತಗೊಂಡು ಹೋಗ್ತಾರಂತೆ, ಪೆನ್ನು ಮನೆಯಲ್ಲೇ ಇಟ್ಟು ಹೋಗ್ತಾರಂತೆ.